ಚಳಿ ಹಿಡಿದ ಎಂಜಿನ್, ಎಳೆದ ಚೋಕ್

ದ್ರವರೂಪದ ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಅದೂ ಗಾಳಿಯೊಂದಿಗೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ. ಕಾರ್ಬ್ಯುರೇಟರ್ ಇರುವ ಹಳೆಯ ಕಾರು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯುವುದಕ್ಕೆ ಮೂಲ ಕಾರಣ ಇದು. ಟ್ಯಾಂಕಿನಲ್ಲಿ ಪೆಟ್ರೋಲ್ ಇರುತ್ತದೆ, ಕಾರ್ಬ್ಯುರೇಟರಿಗೂ ಬಂದಿರುತ್ತದೆ, ಪ್ಲಗ್ಗಿನಲ್ಲಿ ಕಿಡಿಯೂ ಹಾರುತ್ತದೆ; ಕಿಡಿ ಹಾರುವ ಜಾಗದಲ್ಲಿ ಹೊತ್ತಿಕೊಳ್ಳುವಷ್ಟು ಆವಿ ಇರುವುದಿಲ್ಲ, ಅಷ್ಟೆ. ಚೋಕ್ ಎಳೆಯುವುದು, ಕ್ಲಚ್ ಒತ್ತಿ ಸೆಲ್ಫ್ ಹೊಡೆಯುವುದು, ಆಕ್ಸಿಲರೇಟರನ್ನು ಅಳತೆಯಲ್ಲಿ ತುಳಿಯುವುದು, ಹೀಗೆ ಹಳೆಯ ಚಾಲಕರು ಪಾಲಿಸುತ್ತಿದ್ದ ಕ್ರಮಗಳಲ್ಲಿ ಹೆಚ್ಚಿನವು ಈ ಕೊರತೆಯನ್ನು ತುಂಬಿಕೊಳ್ಳುವ ದಾರಿಗಳು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800 ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡವರಿದ್ದಾರೆ. ಚೋಕ್ ಎಳೆಯಬೇಕು ಎಂಬುದು ಅವರೆಲ್ಲರಿಗೂ ಗೊತ್ತು. ಎಷ್ಟು ಎಳೆಯಬೇಕು, ಎಷ್ಟು ಹೊತ್ತು ಬಿಡಬೇಕು, ಯಾವಾಗ ಎಳೆಯಲೇಬಾರದು ಎಂಬುದು ಕಾರಣ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಪ್ರಮಾಣ ಸ್ವಲ್ಪ ಆಚೀಚೆ ಆದರೂ ಎಂಜಿನ್ ನಡೆದೀತು. ಆದರೆ ಗಾಳಿ 20 ಪಾಲಿನ ಆಸುಪಾಸು ದಾಟಿದರೆ ಮಿಶ್ರಣ ತೀರ ತೆಳುವಾಗಿ ಕಿಡಿಗೆ ಹೊತ್ತುವುದಿಲ್ಲ. 7-8 ಪಾಲಿಗಿಂತ ಕೆಳಗಿಳಿದರೆ ಪೆಟ್ರೋಲ್ ಅತಿಯಾಗುತ್ತದೆ, ಆಗಲೂ ಹೊತ್ತುವುದಿಲ್ಲ. ಈ ಲೆಕ್ಕಕ್ಕೆ ಬರುವುದು ಆವಿಯಾಗಿರುವ ಪೆಟ್ರೋಲ್ ಮಾತ್ರ. ಪೆಟ್ರೋಲ್ ಎಂಬುದು ಒಂದೇ ಪದಾರ್ಥವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿನ ಹಗುರವಾದವು 35 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯತೊಡಗುತ್ತವೆ. ಭಾರವಾದವಕ್ಕೆ 200 ಡಿಗ್ರಿಯ ಹತ್ತಿರ ಬೇಕು. ಎಂಜಿನ್ ಬಿಸಿಯಾಗಿದ್ದಾಗ, ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ಗೋಡೆಗಳ ಕಾವಿಗೆ ಹಗುರ, ಭಾರ ಎರಡೂ ಆವಿಯಾಗಿಬಿಡುತ್ತವೆ. ರಾತ್ರಿಯಿಡೀ ಹೊರಗೆ ನಿಂತ ಕಾರಿನಲ್ಲಿ ಆವಿಯಾಗುವುದು ಹಗುರವಾದ ಭಾಗ ಮಾತ್ರ. ಉಳಿದದ್ದು ಸಣ್ಣ ಹನಿಗಳಾಗಿ ಸಾಗುತ್ತದೆ, ತಣ್ಣನೆಯ ಲೋಹದ ಗೋಡೆಗೆ ತಗುಲಿ ಅಲ್ಲೇ ಒದ್ದೆ ಪದರವಾಗಿ ಕೂರುತ್ತದೆ. ಕಾರ್ಬ್ಯುರೇಟರ್ ಸರಿಯಾದ ಅಳತೆಯಲ್ಲೇ ಪೆಟ್ರೋಲ್ ಕೊಟ್ಟರೂ ಸಿಲಿಂಡರಿಗೆ ಮುಟ್ಟುವ ಆವಿ ಅದರಲ್ಲೊಂದು ಸಣ್ಣ ಪಾಲು.

ಎಲ್ಲ ಪೆಟ್ರೋಲನ್ನು ಆವಿ ಮಾಡುವುದು ಆ ಹೊತ್ತಿನಲ್ಲಿ ಆಗದ ಕೆಲಸ. ಹಾಗಾಗಿ ಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚು ಪೆಟ್ರೋಲ್ ಕಳಿಸಿ, ಅದರಲ್ಲಿ ಆವಿಯಾಗುವ ಭಾಗವೇ ಎಂಜಿನ್ನಿಗೆ ಸಾಲುವಂತೆ ಮಾಡುವುದೊಂದೇ ಉಳಿದ ದಾರಿ. ಹಿಮ ಬೀಳುವ ದೇಶಗಳ ಕಡುಚಳಿಯಲ್ಲಿ ಮೂರು ಪಾಲು ಗಾಳಿಗೆ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಪೆಟ್ರೋಲನ್ನು ಕಾರ್ಬ್ಯುರೇಟರ್ ಉಗುಳಬೇಕಾಗುತ್ತದೆ. ನಮ್ಮ ಚಳಿ ಅಂಥದ್ದಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿಯದು. ಆದರೂ ಡಿಸೆಂಬರ್, ಜನವರಿಯಲ್ಲಿ ಮಡಿಕೇರಿ, ಚಿಕ್ಕಮಗಳೂರು, ಬೀದರ್ ಕಡೆಯ ಮುಂಜಾವಿಗೆ ಚೋಕ್ ಇಲ್ಲದೆ ಕಾರ್ಬ್ಯುರೇಟರ್ ಕಾರು ಸಲೀಸಾಗಿ ಹೊತ್ತುವುದಿಲ್ಲ. ಎಂಜಿನ್ನಿನ ಪಾಲಿಗೆ 15 ಡಿಗ್ರಿಯೂ ಚಳಿಯೇ.

ಈ ತೊಂದರೆಗೆ ಕಾರ್ಬ್ಯುರೇಟರಿನ ಹುಟ್ಟುಗುಣವೂ ಸೇರಿಕೊಳ್ಳುತ್ತದೆ. ಪೆಟ್ರೋಲನ್ನು ಸಣ್ಣ ತೂತಿನಿಂದ ಗಾಳಿಯ ಹರಿವಿಗೆ ಚಿಮ್ಮಿಸುವ ಕಾರ್ಬ್ಯುರೇಟರನ್ನು ಜರ್ಮನಿಯ ವಿಲ್ಹೆಲ್ಮ್ ಮೈಬಾಖ್, ಹಂಗೇರಿಯ ದೊನಾತ್ ಬಾಂಕಿ ಮತ್ತು ಯಾನೋಷ್ ಚೊಂಕಾ 1893ರ ಸುಮಾರಿಗೆ ರೂಪಿಸಿದರು. ಅಲ್ಲಿಂದ ಮುಂದೆ ಅದು ನೂರು ವರ್ಷ ನಡೆದದ್ದು ಒಂದೇ ತತ್ವದ ಮೇಲೆ: ಗಾಳಿ ಹೋಗುವ ಕೊಳವೆಯನ್ನು ನಡುವೆ ಸಣಕಲು ಮಾಡಿದರೆ ಅಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಆ ಕಡಿಮೆ ಒತ್ತಡದ ಜಾಗಕ್ಕೆ ಬಾಯಿ ತೆರೆದಿರುವ ಜೆಟ್ಟಿನಿಂದ ಪೆಟ್ರೋಲ್ ತಾನಾಗಿ ಮೇಲೆದ್ದು ಬರುತ್ತದೆ. ಪೆಟ್ರೋಲನ್ನು ಎಳೆಯುವುದು ಗಾಳಿಯ ಓಟ. ಓಟ ಅರ್ಧಕ್ಕೆ ಇಳಿದರೆ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಕಾರು ರಸ್ತೆಯಲ್ಲಿ ಓಡುವಾಗ ಎಂಜಿನ್ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ. ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟಾರ್ ಅದನ್ನು ತಿರುಗಿಸುವುದು ನಿಮಿಷಕ್ಕೆ 100ರಿಂದ 200 ಸುತ್ತು. ಎಣ್ಣೆ ಗಟ್ಟಿಯಾಗಿ ಬ್ಯಾಟರಿ ಸೊರಗಿದ್ದರೆ ಇನ್ನೂ ಕಡಿಮೆ. ಅಂದರೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಕ್ಷಣದಲ್ಲೇ ಕಾರ್ಬ್ಯುರೇಟರ್ ಅತಿ ಕಡಿಮೆ ಪೆಟ್ರೋಲ್ ಕೊಡುತ್ತದೆ. ಚೋಕ್ ಹುಟ್ಟಿದ್ದು ಇದಕ್ಕೇ.

ಚೋಕಿನ ಸರಳ ರೂಪ ಕಾರ್ಬ್ಯುರೇಟರಿನ ಬಾಯಲ್ಲಿ ಕೂರಿಸಿದ ಒಂದು ತಗಡಿನ ಬಿಲ್ಲೆ. ಡ್ಯಾಶ್‌ಬೋರ್ಡಿನ ಗುಂಡಿ ಎಳೆದರೆ ಕೇಬಲ್ ಆ ಬಿಲ್ಲೆಯನ್ನು ತಿರುಗಿಸಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಪಿಸ್ಟನ್ನುಗಳು ಕೆಳಗಿನಿಂದ ಎಳೆಯುತ್ತಲೇ ಇರುತ್ತವೆ, ಮೇಲಿನಿಂದ ಗಾಳಿ ಬರುವುದಿಲ್ಲ. ನಡುವೆ ಏರ್ಪಡುವ ಜೋರಾದ ಎಳೆತವೆಲ್ಲ ಜೆಟ್ಟಿನ ಮೇಲೆ ಬಿದ್ದು ಪೆಟ್ರೋಲ್ ಧಾರಾಳವಾಗಿ ಬರುತ್ತದೆ. ಎಂಜಿನ್ ಹೊತ್ತಿಕೊಂಡ ಮರುಕ್ಷಣವೇ ಅದಕ್ಕೆ ಗಾಳಿ ಬೇಕು. ಆಗಲೂ ಬಿಲ್ಲೆ ಪೂರ್ತಿ ಮುಚ್ಚಿದ್ದರೆ ಪೆಟ್ರೋಲಿನಲ್ಲೇ ಮುಳುಗಿ ಎಂಜಿನ್ ನಿಂತುಹೋಗುತ್ತದೆ. ಅದಕ್ಕಾಗಿ ಬಿಲ್ಲೆಯ ಕಡ್ಡಿಯನ್ನು ಸರಿಯಾಗಿ ನಡುವೆ ಹಾಕದೆ ಒಂದು ಬದಿಗೆ ಸರಿಸಿ, ಎಳೆಸ್ಪ್ರಿಂಗ್ ಕೊಟ್ಟಿರುತ್ತಾರೆ. ಎಂಜಿನ್ ಎದ್ದು ಎಳೆತ ಜೋರಾದೊಡನೆ ಗಾಳಿಯೇ ಬಿಲ್ಲೆಯನ್ನು ಕೊಂಚ ತಳ್ಳಿಕೊಂಡು ಒಳಬರುತ್ತದೆ. ಚೋಕ್ ಎಳೆದಾಗ ಅದರ ಜೊತೆಗೇ ಒಂದು ಕ್ಯಾಮ್ ತಿರುಗಿ, ಆಕ್ಸಿಲರೇಟರ್ ತುಳಿದಾಗ ತೆರೆಯುವ ಬಾಗಿಲಾದ ಥ್ರಾಟಲನ್ನೂ ಕೂದಲೆಳೆಯಷ್ಟು ತೆರೆದಿಡುತ್ತದೆ. ತಣ್ಣಗಿರುವ ಎಂಜಿನ್ ಮಾಮೂಲಿ ಐಡ್ಲಿಂಗ್‌ನಲ್ಲಿ ನಿಲ್ಲಲಾರದು. ಎಣ್ಣೆಯ ಬಿಗಿತವನ್ನು ಮೀರಿ ತಿರುಗಲು ಅದಕ್ಕೆ ಹೆಚ್ಚು ಸುತ್ತು ಬೇಕು. ಚೋಕ್ ಎಳೆದ ಕಾರು ಗುಂಯ್ ಎಂದು ಜೋರಾಗಿ ಓಡುವುದು ಈ ಕ್ಯಾಮಿನ ಕೆಲಸ.

ಎಲ್ಲ ಕಾರ್ಬ್ಯುರೇಟರುಗಳಲ್ಲೂ ಈ ಬಿಲ್ಲೆ ಇರುವುದಿಲ್ಲ, ಇದು ತಿಳಿಯದೆ ಆಗುವ ತಪ್ಪುಗಳು ಬಹಳ. ಅಂಬಾಸಿಡರಿನ ಮೂಲ ಮಾದರಿಯಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಲ್ಲಿ ಇದ್ದದ್ದು ಎಸ್‌ಯು ಕಾರ್ಬ್ಯುರೇಟರ್. ನಮ್ಮ ರಸ್ತೆಗಳ ಮೇಲೂ ಎಸ್‌ಯು ಕೂಡಿಸಿದ ಅಂಬಾಸಿಡರ್‌ಗಳು ಓಡಿದವು. ಅದರಲ್ಲಿ ಗಾಳಿಯ ದಾರಿಯ ಅಗಲ ತಾನೇ ಹೆಚ್ಚು ಕಡಿಮೆಯಾಗುತ್ತದೆ. ಮೇಲಿನ ಗುಮ್ಮಟದೊಳಗೆ ಒಂದು ಪಿಸ್ಟನ್. ಅದರ ತುದಿಗೆ ಕೆಳಮುಖವಾಗಿ ಚೂಪಾಗುತ್ತ ಹೋಗುವ ಸೂಜಿ. ಸೂಜಿ ಇಳಿಯುವುದು ಜೆಟ್ಟಿನೊಳಕ್ಕೆ. ಚೋಕ್ ಎಳೆದಾಗ ಇಲ್ಲಿ ಗಾಳಿ ಮುಚ್ಚುವುದಿಲ್ಲ. ಕೇಬಲ್ ಜೆಟ್ಟನ್ನೇ ಕೆಳಕ್ಕೆ ಎಳೆಯುತ್ತದೆ. ಸೂಜಿಯ ಸಣ್ಣ ಭಾಗ ಜೆಟ್ಟಿನ ಬಾಯಿಗೆ ಬಂದು ಸುತ್ತಲಿನ ಸಂದು ಅಗಲವಾಗಿ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಇದರ ಗುಮ್ಮಟದ ಮೇಲಿನ ಮುಚ್ಚಳ ಬಿಚ್ಚಿ ತೆಳು ಎಣ್ಣೆ ಹಾಕಬೇಕೆಂಬುದನ್ನು ಹಲವರು ಮರೆತಿರುತ್ತಾರೆ. ಆ ಎಣ್ಣೆ ಪಿಸ್ಟನ್ ಥಟ್ಟನೆ ಮೇಲೇಳದಂತೆ ತಡೆಯುತ್ತದೆ. ಎಣ್ಣೆ ಒಣಗಿದ್ದರೆ ಬೆಳಗಿನ ಹೊತ್ತು ಆಕ್ಸಿಲರೇಟರ್ ಒತ್ತಿದ ಕೂಡಲೇ ಮಿಶ್ರಣ ತೆಳುವಾಗಿ ಎಂಜಿನ್ ಮುಗ್ಗರಿಸುತ್ತದೆ, ಕೆಲವೊಮ್ಮೆ ಕಾರ್ಬ್ಯುರೇಟರಿನ ಬಾಯಿಂದಲೇ ಠಪ್ಪೆಂದು ಹೊಡೆಯುತ್ತದೆ. ಗ್ಯಾರೇಜಿಗೆ ಹೋಗಿ ಜೆಟ್ ಬದಲಿಸುವ ಮೊದಲು ಈ ಮುಚ್ಚಳ ಬಿಚ್ಚಿ ನೋಡುವುದು ಒಳ್ಳೆಯದು.

ಫ್ರಾನ್ಸ್ ಮೂಲದ ಸೋಲೆಕ್ಸ್ ಕಂಪನಿಯ ಹಲವು ಮಾದರಿಗಳಲ್ಲಿ ಉಪಾಯ ಇನ್ನೊಂದು ಬಗೆಯದು. ಮುಖ್ಯ ಕಾರ್ಬ್ಯುರೇಟರಿನ ಮಗ್ಗುಲಲ್ಲಿ ಸ್ಟಾರ್ಟ್ ಮಾಡುವುದಕ್ಕೆಂದೇ ಪುಟ್ಟ ಕಾರ್ಬ್ಯುರೇಟರನ್ನು ಸೇರಿಸಿರುತ್ತಾರೆ. ಅದಕ್ಕೆ ತನ್ನದೇ ಪೆಟ್ರೋಲ್ ಜೆಟ್, ತನ್ನದೇ ಗಾಳಿ ದಾರಿ. ಗುಂಡಿ ಎಳೆದರೆ ತೂತುಗಳಿರುವ ಒಂದು ತಟ್ಟೆ ತಿರುಗಿ ಈ ದಾರಿ ತೆರೆಯುತ್ತದೆ. ದಪ್ಪ ಮಿಶ್ರಣ ಥ್ರಾಟಲಿನ ಕೆಳಗೆ ಹೋಗಿ ಬೀಳುತ್ತದೆ. ಇದು ಕೆಲಸ ಮಾಡಬೇಕಾದರೆ ಮುಖ್ಯ ಥ್ರಾಟಲ್ ಮುಚ್ಚಿರಬೇಕು, ಆಗ ಮಾತ್ರ ಅದರ ಕೆಳಗೆ ಎಳೆತ ಗಟ್ಟಿಯಾಗಿರುತ್ತದೆ. ಇಂಥ ಕಾರಿನಲ್ಲಿ ಸೆಲ್ಫ್ ಹೊಡೆಯುತ್ತ ಆಕ್ಸಿಲರೇಟರ್ ತುಳಿದರೆ ಎಳೆತ ಹರಿದುಹೋಗಿ ಚೋಕ್ ಎಳೆದದ್ದೇ ವ್ಯರ್ಥ. ಬಿಲ್ಲೆ ಇರುವ ಕಾರಿನಲ್ಲಿ ಪೆಡಲನ್ನು ಚೂರು ಒತ್ತಿ ಹಿಡಿಯುವುದು ಸಹಾಯವಾದರೆ, ಸ್ಟಾರ್ಟರ್ ತಟ್ಟೆ ಇರುವ ಕಾರಿನಲ್ಲಿ ಅದೇ ತೊಂದರೆ. ಒಬ್ಬರ ಕಾರಿನ ಅಭ್ಯಾಸವನ್ನು ಇನ್ನೊಬ್ಬರ ಕಾರಿಗೆ ಹಾಗೇ ತಂದಾಗ ಗಾಡಿ ಹಟಮಾರಿ ಎಂಬ ಹೆಸರು ಬರುವುದು ಹೀಗೆ. ಏರ್ ಕ್ಲೀನರ್ ಬಿಚ್ಚಿ ಇಣುಕಿದರೆ ಸಂದೇಹ ಬಗೆಹರಿಯುತ್ತದೆ: ಬಾಯಲ್ಲಿ ಬಿಲ್ಲೆ ಕಂಡರೆ ಒಂದು ಬಗೆ, ಬಾಯಿ ಖಾಲಿಯಿದ್ದು ಚೋಕ್ ಕೇಬಲ್ ಪಕ್ಕದ ತಟ್ಟೆಗೆ ಹೋಗಿದ್ದರೆ ಇನ್ನೊಂದು.

ಬಹುಪಾಲು ಕಾರ್ಬ್ಯುರೇಟರುಗಳಲ್ಲಿ ಆಕ್ಸಿಲರೇಟರ್ ಪಂಪ್ ಎಂಬ ಇನ್ನೊಂದು ಅಂಗವಿದೆ. ಪೆಡಲ್ ತುಳಿದಾಗಲೆಲ್ಲ ಅದು ಪಿಚಕಾರಿಯಿಂದ ಬಂದಂತೆ ಸಣ್ಣ ಧಾರೆ ಪೆಟ್ರೋಲನ್ನು ಒಳಗೆ ಚಿಮ್ಮಿಸುತ್ತದೆ. ಎಂಜಿನ್ ತಿರುಗದಿದ್ದರೂ ಅದು ಕೆಲಸ ಮಾಡುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಒಂದೆರಡು ಸಲ ಪೆಡಲ್ ತುಳಿಯುವ ರೂಢಿ ಬಂದದ್ದು ಇದರಿಂದ. ಮ್ಯಾನಿಫೋಲ್ಡ್ ಪೂರ್ತಿ ಒಣಗಿದ್ದಾಗ ಆ ಒಂದೆರಡು ಧಾರೆ ಮೊದಲ ಹೊತ್ತುವಿಕೆಗೆ ನೆರವಾಗುತ್ತವೆ. ಎಂಟು ಹತ್ತು ಸಲ ತುಳಿಯುವುದು ಮಾತ್ರ ಪ್ಲಗ್ಗುಗಳನ್ನು ತೋಯಿಸುವ ಖಚಿತ ಮಾರ್ಗ. ಎಸ್‌ಯು ಕಾರ್ಬ್ಯುರೇಟರಿನಲ್ಲಿ ಈ ಪಂಪ್ ಇರುವುದಿಲ್ಲ. ಅಲ್ಲಿ ಎಷ್ಟು ತುಳಿದರೂ ಏನೂ ಆಗದು.

ಹೀಗಾಗಿ ಕ್ರಮ ಕಾರಿನಿಂದ ಕಾರಿಗೆ ತುಸು ಬದಲಾದರೂ ಮುಖ್ಯ ಹೆಜ್ಜೆಗಳು ಒಂದೇ. ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಹೆಡ್‌ಲೈಟ್ ಆಫ್ ಆಗಿರಬೇಕು. ಚೋಕನ್ನು ಕೊನೆಯವರೆಗೆ ಎಳೆಯಬೇಕು. ಅರ್ಧ ಎಳೆದು ಹತ್ತು ಸಲ ಸೆಲ್ಫ್ ಹೊಡೆಯುವುದಕ್ಕಿಂತ ಪೂರ್ತಿ ಎಳೆದು ಒಂದು ಸಲ ಹೊಡೆಯುವುದು ಮೇಲು. ಪಂಪ್ ಇರುವ ಕಾರಾದರೆ ಪೆಡಲನ್ನು ಒಂದೆರಡು ಸಲ ನಿಧಾನಕ್ಕೆ ತುಳಿದು ಬಿಡಬಹುದು. ಆಮೇಲೆ ಕ್ಲಚ್ ಪೂರ್ತಿ ಒತ್ತಬೇಕು. ಗೇರ್‌ಬಾಕ್ಸಿನ ಎಣ್ಣೆ ಎಂಜಿನ್ ಎಣ್ಣೆಗಿಂತ ಗಟ್ಟಿ. ಕ್ಲಚ್ ಒತ್ತದಿದ್ದರೆ ನ್ಯೂಟ್ರಲ್‌ನಲ್ಲೂ ಸ್ಟಾರ್ಟರ್ ಮೋಟಾರ್ ಆ ಎಣ್ಣೆಯೊಳಗಿನ ಗೇರುಗಳನ್ನು ಕಲಕಬೇಕಾಗುತ್ತದೆ. ಕೀಲಿ ತಿರುಗಿಸಿ ಐದರಿಂದ ಹತ್ತು ಸೆಕೆಂಡು ಸೆಲ್ಫ್ ಹೊಡೆಯಬೇಕು, ಅದಕ್ಕಿಂತ ಹೆಚ್ಚಲ್ಲ. ಹೊತ್ತದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಹೊಡೆಯಬೇಕು. ಈ ಬಿಡುವಿನಲ್ಲಿ ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಮೋಟಾರ್ ತಣಿಯುತ್ತದೆ, ಒಳಗೆ ಬಿದ್ದ ಪೆಟ್ರೋಲ್ ಇನ್ನಷ್ಟು ಆವಿಯಾಗುತ್ತದೆ. ಅವಸರಪಡುವವರು ಕಳೆದುಕೊಳ್ಳುವುದು ಈ ಅರ್ಧ ನಿಮಿಷದ ಲಾಭವನ್ನು.

ವಾರಗಟ್ಟಲೆ ನಿಂತ ಕಾರಿನಲ್ಲಿ ಇನ್ನೊಂದು ಅಡಚಣೆ. ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರಿನಲ್ಲಿದ್ದ ಪೆಟ್ರೋಲ್ ಆರಿಹೋಗಿರುತ್ತದೆ. ಉಳಿದ ತಳದ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಭಾಗ ಇರುವುದಿಲ್ಲ. ಎಂಜಿನ್ನಿನ ಓಟದಿಂದಲೇ ನಡೆಯುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಅದನ್ನು ಮತ್ತೆ ತುಂಬಿಸಲು ಹಲವು ಸುತ್ತು ಸೆಲ್ಫ್ ಬೇಕು. ಕೆಲವು ಪಂಪುಗಳ ಅಡಿಯಲ್ಲಿ ಕೈಯಿಂದ ಒತ್ತುವ ಸಣ್ಣ ಲಿವರ್ ಇರುತ್ತದೆ. ಅದನ್ನು ಒತ್ತಿ ಚೇಂಬರ್ ತುಂಬಿಸಿಕೊಂಡು ಸೆಲ್ಫ್ ಹೊಡೆದರೆ ಬ್ಯಾಟರಿಯ ಮೇಲಿನ ಭಾರ ತಪ್ಪುತ್ತದೆ.

ಎಂಜಿನ್ ಹೊತ್ತಿಕೊಂಡ ನಂತರದ ಒಂದೆರಡು ನಿಮಿಷ ಇಡೀ ಕೆಲಸದ ಸೂಕ್ಷ್ಮ ಘಟ್ಟ. ಇಲ್ಲಿ ಕಿವಿಯೇ ಮೀಟರ್. ಮೊದಲು ಎಂಜಿನ್ ಜೋರಾಗಿ, ಸ್ವಲ್ಪ ಒರಟಾಗಿ ಓಡುತ್ತದೆ. ಕೆಲವು ಸೆಕೆಂಡುಗಳಲ್ಲಿ ಗೋಡೆಗಳು ಬೆಚ್ಚಗಾಗತೊಡಗಿ, ಮೊದಲು ಅಂಟಿಕೊಂಡಿದ್ದ ಪೆಟ್ರೋಲೂ ಆವಿಯಾಗಿ ಮಿಶ್ರಣ ದಪ್ಪವಾಗುತ್ತದೆ. ಆಗ ಓಟದ ದನಿ ಭಾರವಾಗಿ, ತಾಳ ತಪ್ಪಿ ಏರಿಳಿಯುತ್ತದೆ; ಸೈಲೆನ್ಸರಿನಿಂದ ಕಪ್ಪು ಹೊಗೆ, ಮೂಗಿಗೆ ಹಸಿ ಪೆಟ್ರೋಲಿನ ವಾಸನೆ. ಚೋಕನ್ನು ಕಾಲುಭಾಗ ಒಳಗೆ ತಳ್ಳಬೇಕಾದ ಹೊತ್ತು ಅದು. ತಳ್ಳಿದೊಡನೆ ದನಿ ಹಗುರಾಗಿ ಸಮನಾದರೆ ಅಷ್ಟಕ್ಕೆ ನಿಲ್ಲಿಸಬೇಕು. ಎಂಜಿನ್ ಕುಸಿಯುವಂತಾದರೆ, ಪೆಡಲ್ ಒತ್ತಿದಾಗ ಮುಗ್ಗರಿಸಿದರೆ, ಅವಸರವಾಯಿತೆಂದು ಅರ್ಥ; ಗುಂಡಿಯನ್ನು ತುಸು ಹೊರಗೆ ಎಳೆದುಕೊಳ್ಳಬೇಕು. ಹೀಗೆ ಮೂರು ನಾಲ್ಕು ಮೆಟ್ಟಿಲಲ್ಲಿ ಚೋಕ್ ಪೂರ್ತಿ ಒಳಗೆ ಹೋಗಬೇಕು. ಸೈಲೆನ್ಸರಿನಿಂದ ಬರುವ ಬಿಳಿ ಆವಿಗೆ ಗಾಬರಿಯಾಗಬೇಕಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರು ತಣ್ಣನೆಯ ಕೊಳವೆಯಲ್ಲಿ ಮಂಜಾಗಿ ಕಾಣುವುದಷ್ಟೇ. ಪೈಪ್ ಬಿಸಿಯಾದ ಮೇಲೆ ನಿಲ್ಲುತ್ತದೆ.

ಅತಿಯಾಗಿ ಪೆಟ್ರೋಲ್ ಹೋದರೆ ಎಂಜಿನ್ ಫ್ಲಡ್ ಆಗುತ್ತದೆ. ಪ್ಲಗ್ಗಿನ ತುದಿ ಪೆಟ್ರೋಲಿನಲ್ಲಿ ತೊಯ್ದು ಕರೆಂಟು ಕಿಡಿಯಾಗಿ ಜಿಗಿಯುವ ಬದಲು ಒದ್ದೆ ಪಿಂಗಾಣಿಯ ಮೇಲೆ ಹರಿದುಹೋಗುತ್ತದೆ. ಆಮೇಲೆ ಚೋಕ್ ಎಳೆದು ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ತೋಯುವುದು ಹೆಚ್ಚುತ್ತದೆಯೇ ಹೊರತು ಹೊತ್ತುವುದಿಲ್ಲ. ಮಾಡಬೇಕಾದ್ದು ತದ್ವಿರುದ್ಧ: ಚೋಕ್ ಪೂರ್ತಿ ಒಳಗೆ, ಆಕ್ಸಿಲರೇಟರ್ ನೆಲ ಮುಟ್ಟುವಂತೆ ಒತ್ತಿ ಹಿಡಿದು, ಪಂಪ್ ಮಾಡದೆ, ಹತ್ತು ಸೆಕೆಂಡಿನವರೆಗೆ ಸೆಲ್ಫ್. ಥ್ರಾಟಲ್ ಪೂರ್ತಿ ತೆರೆದಿರುವುದರಿಂದ ಗಾಳಿ ಧಾರಾಳವಾಗಿ ನುಗ್ಗಿ ಒದ್ದೆಯನ್ನು ಒಣಗಿಸುತ್ತದೆ. ಇದರಿಂದಲೂ ಆಗದಿದ್ದರೆ ಬಾನೆಟ್ ತೆರೆದು ಹತ್ತು ಹದಿನೈದು ನಿಮಿಷ ಬಿಡಬೇಕು, ಇಲ್ಲವೇ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ ಹಾಕಬೇಕು. ಪ್ಲಗ್ಗುಗಳನ್ನು ಹೊರಗೆ ತೆಗೆದಿಟ್ಟು ಸೆಲ್ಫ್ ಹೊಡೆಯುವುದಾದರೆ ಹತ್ತಿರದಲ್ಲಿ ಕಿಡಿ, ಬೆಂಕಿ ಏನೂ ಇರಕೂಡದು. ಆ ತೂತುಗಳಿಂದ ಹೊರಬರುವುದು ಹೊತ್ತಿಕೊಳ್ಳಲು ಸಿದ್ಧವಾದ ಪೆಟ್ರೋಲ್ ಮಿಶ್ರಣ.

ಪೆಟ್ರೋಲಿನ ಲೆಕ್ಕ ಸರಿಯಿದ್ದೂ ಎಂಜಿನ್ ಹೊತ್ತದಿದ್ದರೆ ನೋಡಬೇಕಾದ್ದು ಬ್ಯಾಟರಿ ಮತ್ತು ಕಿಡಿ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಅದೇ ಹೊತ್ತಿಗೆ ಎಣ್ಣೆ ಗಟ್ಟಿಯಾಗಿ ಸ್ಟಾರ್ಟರ್ ಹೆಚ್ಚು ಕರೆಂಟ್ ಕೇಳುತ್ತದೆ. 12 ವೋಲ್ಟಿನ ಬ್ಯಾಟರಿ ಸೆಲ್ಫ್ ಹೊಡೆಯುವಾಗ 10 ವೋಲ್ಟಿನ ಆಸುಪಾಸಿಗೆ ಇಳಿಯುವುದು ಸಹಜ. ಅದಕ್ಕಿಂತ ಬಹಳ ಕೆಳಗೆ ಹೋದರೆ ಮೋಟಾರ್ ತಿರುಗಿದರೂ ಇಗ್ನಿಷನ್ ಕಾಯಿಲಿಗೆ ಸಾಕಷ್ಟು ವೋಲ್ಟೇಜ್ ಸಿಗದೆ ಕಿಡಿ ಬಡವಾಗುತ್ತದೆ. ನಮ್ಮ ಕಡೆ ಬ್ಯಾಟರಿಯನ್ನು ಕೊಲ್ಲುವುದು ಬೇಸಿಗೆಯ ಬಿಸಿಲು. ಅದು ಸತ್ತದ್ದು ಗೊತ್ತಾಗುವುದು ಚಳಿಗಾಲದ ಬೆಳಿಗ್ಗೆ. ಟರ್ಮಿನಲ್ಲಿನ ಮೇಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಗಿಯಾಗಿ ಕಟ್ಟಿ, ವ್ಯಾಸಲೀನ್ ಸವರುವುದು ಐದು ನಿಮಿಷದ ಕೆಲಸ. ಬ್ಯಾಟರಿ ಹೋಯಿತೆಂದು ತಿಳಿದ ಕಾರುಗಳಲ್ಲಿ ಹಲವು ಇಷ್ಟಕ್ಕೇ ಎದ್ದುಕೊಳ್ಳುತ್ತವೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವೆ ಸುಮಾರು 0.4 ಮಿಲಿಮೀಟರ್, ಪ್ಲಗ್ಗಿನಲ್ಲಿ ಸುಮಾರು 0.6 ಮಿಲಿಮೀಟರ್ ಸಂದು ಇರುವುದು ಈ ತಲೆಮಾರಿನ ಕಾರುಗಳಲ್ಲಿ ಸಾಮಾನ್ಯ. ನಿಖರ ಅಳತೆಗೆ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ಮಲೆನಾಡಿನ ಇಬ್ಬನಿ, ತೇವಕ್ಕೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ನೀರು ಕೂತು ಕಿಡಿ ಸೋರಿಹೋಗುವುದೂ ಉಂಟು. ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಬ್ಯಾಟರಿ ಪೂರ್ತಿ ಕೈಕೊಟ್ಟಾಗ ಹಿಂದೆ ಹ್ಯಾಂಡಲ್ ಹಾಕುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತ್ತಾದರೂ, ಅದಾಗಿ ದಶಕಗಳ ಮೇಲೆ ತಯಾರಾದ ಅಂಬಾಸಿಡರಿನ ಮುಂದೆಯೂ ಹ್ಯಾಂಡಲ್ ಹಾಕುವ ತೂತು ಇತ್ತು. ಹ್ಯಾಂಡಲ್ ತಿರುಗಿಸುವಾಗ ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಅದಕ್ಕೇ ಹೆಬ್ಬೆರಳನ್ನು ಹಿಡಿಯ ಸುತ್ತ ಬಿಗಿಯದೆ ಉಳಿದ ಬೆರಳುಗಳ ಬದಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು; ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತಬಾರದು. ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಬೆಳಿಗ್ಗೆ ಎರಡನೇ ಗೇರ್ ಹಾಕಿ ಉರುಳಿಸಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡುವುದು ಗುಡ್ಡಗಾಡಿನ ಚಾಲಕರಿಗೆ ರೂಢಿಯಾಗಿದ್ದ ಸುಲಭದ ದಾರಿ. ಚೋಕ್ ಆಗಲೂ ಬೇಕು.

ಸ್ಟಾರ್ಟ್ ಆದ ಕಾರನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿ ಬಿಸಿ ಮಾಡುವುದು ಹಲವರ ಅಭ್ಯಾಸ. ಅದು ಒಳ್ಳೆಯದಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಧಾನವಾಗಿ ಕಾಯುತ್ತದೆ, ಅಷ್ಟು ಹೊತ್ತೂ ದಪ್ಪ ಮಿಶ್ರಣ ಉರಿಯುತ್ತಿರುತ್ತದೆ. ಎಣ್ಣೆಯ ಒತ್ತಡ ಏರಿ ಎಂಜಿನ್ ಸಮನಾಗಿ ನಿಂತಮೇಲೆ, ಅಂದರೆ ಒಂದು ನಿಮಿಷದ ಸುಮಾರಿಗೆ, ಹಗುರ ಕಾಲಿನಲ್ಲಿ ಓಡಿಸುತ್ತ ಹೊರಡುವುದೇ ಎಂಜಿನ್ನಿಗೆ ಹಿತ. ಚೋಕನ್ನು ಮರೆತು ಎಳೆದೇ ಓಡಿಸುವುದರಿಂದ ಆಗುವ ಹಾನಿ ಪೆಟ್ರೋಲಿನ ನಷ್ಟಕ್ಕಿಂತ ದೊಡ್ಡದು. ಆವಿಯಾಗದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಹಾಕುತ್ತದೆ. ಪಿಸ್ಟನ್ ರಿಂಗುಗಳು ಒಣಗೋಡೆಗೆ ಉಜ್ಜುತ್ತವೆ. ತೊಳೆದ ಪೆಟ್ರೋಲ್ ಕೆಳಗಿಳಿದು ಎಂಜಿನ್ ಎಣ್ಣೆಗೆ ಸೇರಿ ಅದನ್ನು ನೀರಾಗಿಸುತ್ತದೆ. ದಿನಾ ಬೆಳಿಗ್ಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಣ್ಣೆಯ ಕಡ್ಡಿ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ ಹೊಡೆಯುವುದು ಇದರಿಂದಲೇ. ಅಂಥ ಕಾರಿಗೆ ಎಣ್ಣೆಯನ್ನು ಕೈಪಿಡಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕು.

ಥರ್ಮೋಸ್ಟಾಟ್ ವಿಷಯವನ್ನು ಇಲ್ಲಿ ಹೇಳಲೇಬೇಕು. ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿರುವ ಈ ವಾಲ್ವ್ ಎಂಜಿನ್ ಬಿಸಿಯಾಗುವವರೆಗೆ ಮುಚ್ಚಿಕೊಂಡಿದ್ದು, ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ನಮ್ಮದು ಬಿಸಿ ದೇಶ, ಇದು ಬೇಡ ಎಂದು ಅದನ್ನು ಕಿತ್ತೆಸೆಯುವುದು ಗ್ಯಾರೇಜುಗಳಲ್ಲಿ ವ್ಯಾಪಕವಾಗಿತ್ತು. ಬೇಸಿಗೆಯಲ್ಲಿ ಎಂಜಿನ್ ಕಾಯುವ ತೊಂದರೆಗೆ ಕಟ್ಟಿಕೊಂಡ ರೇಡಿಯೇಟರೋ ಸಡಿಲ ಫ್ಯಾನ್‌ಬೆಲ್ಟೋ ಕಾರಣವಾಗಿರುತ್ತದೆ; ಥರ್ಮೋಸ್ಟಾಟ್ ತೆಗೆದರೆ ಆ ಕಾರಣ ಹೋಗುವುದಿಲ್ಲ. ಹೋಗುವುದು ಬೇಗ ಬಿಸಿಯಾಗುವ ಗುಣ. ಎರಡು ಮೂರು ನಿಮಿಷಕ್ಕೆ ಬಿಡಬಹುದಾಗಿದ್ದ ಚೋಕನ್ನು ಬಹಳ ಹೊತ್ತು ಎಳೆದುಕೊಂಡೇ ಇರಬೇಕಾಗುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಅದು ತಪ್ಪು ಪದ್ಧತಿ.

ಮುಚ್ಚಿದ ಶೆಡ್ಡಿನಲ್ಲಿ ಚೋಕ್ ಎಳೆದು ಎಂಜಿನ್ ಓಡಿಸುವುದು ಪ್ರಾಣಕ್ಕೇ ಅಪಾಯ. ಪೆಟ್ರೋಲ್ ಹೆಚ್ಚಾಗಿ ಗಾಳಿ ಕಡಿಮೆಯಾದಾಗ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಹೇರಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಂಡು ತಲೆಸುತ್ತು, ಮಂಪರು ತಂದು ನಿಮಿಷಗಳಲ್ಲಿ ಕೊಲ್ಲಬಲ್ಲದು. ಬಾಗಿಲು ಪೂರ್ತಿ ತೆರೆದು, ಸ್ಟಾರ್ಟ್ ಆದ ಕೂಡಲೇ ಕಾರನ್ನು ಬಯಲಿಗೆ ತರಬೇಕು.

ಬಿಸಿ ಎಂಜಿನ್ನಿಗೆ ಚೋಕ್ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದ ಕಾರು ಹೊತ್ತದಿದ್ದರೆ ಅದು ಬೇರೆಯೇ ರೋಗ: ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯಲಾರದೆ ಹೋಗುವುದು. ಅಲ್ಲಿ ಚೋಕ್ ಎಳೆದರೆ ಕಷ್ಟ ಹೆಚ್ಚುತ್ತದೆ.

ಚಾಲಕರ ಕಿವಿ ಮತ್ತು ಕೈಯ ಮೇಲಿದ್ದ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನ ಬಹಳ ಹಿಂದಿನದು. ಅಮೆರಿಕದ ಕಾರುಗಳಲ್ಲಿ ಬಳಕೆಗೆ ಬಂದ ಆಟೋಮ್ಯಾಟಿಕ್ ಚೋಕಿನಲ್ಲಿ ಎರಡು ಲೋಹಗಳನ್ನು ಬೆಸೆದ ಸುರುಳಿ ಬಿಲ್ಲೆಯನ್ನು ತಿರುಗಿಸುತ್ತದೆ. ತಣ್ಣಗಿದ್ದಾಗ ಮುಚ್ಚುತ್ತದೆ, ಎಂಜಿನ್ನಿನ ಕಾವು ಅಥವಾ ವಿದ್ಯುತ್ತಿನಿಂದ ಬಿಸಿಯಾದಾಗ ತೆರೆಯುತ್ತದೆ. ಅದಕ್ಕಿಂತ ಮುಂದಿನ ಹೆಜ್ಜೆ ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ಬಂತು. ಇಲ್ಲಿ ಪೆಟ್ರೋಲನ್ನು ಎಳೆಯಲು ಗಾಳಿಯ ಓಟ ಬೇಕಿಲ್ಲ. ಎಂಜಿನ್ನಿನ ಉಷ್ಣಾಂಶ ಅಳೆದು ಎಷ್ಟು ಬೇಕೋ ಅಷ್ಟನ್ನು ಒತ್ತಡದಲ್ಲಿ ಸಿಂಪಡಿಸಲಾಗುತ್ತದೆ. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಬಂದ 796 ಸಿಸಿಯ ಮಾರುತಿ 800 ಕೂಡ ಕಾರ್ಬ್ಯುರೇಟರ್, ಚೋಕ್ ಗುಂಡಿಯೊಂದಿಗೇ ಬಂತು. 2000ದ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯವಾದ ಹೊಗೆ ನಿಯಮಗಳು ಮತ್ತು ಅವುಗಳ ಹಿಂದೆಯೇ ಬಂದ ಬಿಗಿ ನಿಯಮಗಳ ಮುಂದೆ ಕಾರುಗಳ ಕಾರ್ಬ್ಯುರೇಟರ್ ನಿಲ್ಲಲಿಲ್ಲ. ಬೈಕು, ಸ್ಕೂಟರ್‌ಗಳಲ್ಲಿ ಅದು 2020ರಲ್ಲಿ ಬಿಎಸ್-6 ಹೊಗೆ ನಿಯಮ ಬರುವವರೆಗೆ ಉಳಿದಿತ್ತು.

ಉಳಿದಿರುವ ಹಳೆಯ ಕಾರುಗಳಿಗೆ ಈಗ ಹೊಸ ಸವಾಲು ಬಂದಿರುವುದು ಪೆಟ್ರೋಲಿನಿಂದಲೇ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ-20 ಪೆಟ್ರೋಲ್ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಶಾಖ ಹೀರುತ್ತದೆ. ಒಂದು ಕಿಲೋ ಎಥನಾಲ್ ಉರಿಯಲು ಬೇಕಾದ ಗಾಳಿ 9 ಕಿಲೋ ಮಾತ್ರ. ಶುದ್ಧ ಪೆಟ್ರೋಲಿಗೆಂದು ಜೆಟ್ ಕೂರಿಸಿದ ಕಾರ್ಬ್ಯುರೇಟರಿಗೆ ಈ ವ್ಯತ್ಯಾಸ ಅರಿವಾಗುವುದಿಲ್ಲ. ಅದು ಹಳೆಯ ಅಳತೆಯಲ್ಲೇ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಬೆಳಗಿನ ಚೋಕ್ ಕೊಂಚ ಹೆಚ್ಚು ಹೊತ್ತು ಬೇಕಾಗುತ್ತದೆ. ಬ್ರೆಜಿಲಿನಲ್ಲಿ 1979ರಿಂದ ಬಂದ ಶುದ್ಧ ಎಥನಾಲ್ ಕಾರುಗಳಲ್ಲಿ ಸ್ಟಾರ್ಟ್ ಮಾಡುವುದಕ್ಕೆಂದೇ ಪುಟ್ಟ ಪೆಟ್ರೋಲ್ ಟ್ಯಾಂಕನ್ನು ಬೇರೆಯಾಗಿ ಕೂರಿಸಬೇಕಾಗಿತ್ತು. ಇ-20ಯಿಂದ ಅಂಥ ಕಷ್ಟವೇನೂ ಇಲ್ಲ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ ಇಟ್ಟುಕೊಂಡವರು ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರಿನ ವಾಷರುಗಳನ್ನು ಎಥನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸಿಕೊಳ್ಳಬೇಕು. ಕಾರು ಬಹಳ ದಿನ ನಿಂತಿದ್ದರೆ, ಸೆಲ್ಫ್ ಹೊಡೆಯುವ ಮೊದಲು ಬಾನೆಟ್ ತೆರೆದು ಎಲ್ಲಿಯೂ ಪೆಟ್ರೋಲ್ ಸೋರುತ್ತಿಲ್ಲ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಬೇಕು.